ಬಾವಿಯ ಮೇಲಿನ ಗೀಜಗಗಳು

ವಿದ್ಯಾನಗರದಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಅಲಂಕಾರಕ್ಕೆಂದು ಗೀಜಗನ ಗೂಡೊಂದನ್ನು ತೂಗುಹಾಕಿದ್ದರು. ಯಾರೂ ನೋಡದಾಗ ಮೂಗು ತಾಗಿಸಿದೆ. ಒಣಗಿದ ಭತ್ತದ ಎಲೆ, ಹಕ್ಕಿ ಒಳಗೆ ಮೆತ್ತಿದ ಕೆಸರು. ಕೆಲವು ವಾಸನೆಗಳು ಮನುಷ್ಯನನ್ನು ಬಿಡುವುದಿಲ್ಲ, ನಿಮಗೂ ಅಂಥದ್ದೊಂದು ಇದ್ದೀತು. ಆ ದಿನ ನನಗೆ ಊಟ ಸೇರಲಿಲ್ಲ.

ನಾನು ಬೆಳೆದದ್ದು ಮಂಜೇಶ್ವರದ ಹತ್ತಿರ, ಗದ್ದೆಯಂಚಿನ ದೊಡ್ಡಮ್ಮನ ಮನೆಯಲ್ಲಿ. ಮಕ್ಕಳಿಲ್ಲದ ಅವರು ನನ್ನನ್ನು ಸಾಕಿಕೊಂಡಿದ್ದರು. ಮಳೆ ಹಿಡಿದ ಕೂಡಲೇ ಬಾವಿಯ ಮೇಲೆ ಬಾಗಿದ ತೆಂಗಿನ ಮರಕ್ಕೆ ಗೀಜಗಗಳು ಹಿಂಡುಹಿಂಡಾಗಿ ಬರುತ್ತಿದ್ದವು. ಹಳದಿ ತಲೆಯ ಗಂಡುಗಳು ಭತ್ತದ ಎಲೆ ಸೀಳಿ ತಂದು ನೇಯುವುದು, ಹೆಣ್ಣು ಬಂದು ಮೂಗು ಮುರಿದರೆ ಅರ್ಧಕ್ಕೇ ಬಿಟ್ಟು ಇನ್ನೊಂದು ಶುರು ಮಾಡುವುದು. "ಅವಳ ಕೊಬ್ಬು ನೋಡು ಮಾರಾಯ್ತಿ" ಎಂದು ದೊಡ್ಡಮ್ಮ ನಗುತ್ತಿದ್ದರು. ಕೆಳಗೆ ಬಿದ್ದ ಗೂಡುಗಳಿಗೆ ಬೂದಿ ಹಚ್ಚಿ ನಾವು ಪಾತ್ರೆ ತಿಕ್ಕುತ್ತಿದ್ದೆವು. ಮನೆಯ ಕಟ್ಟಳೆ ಒಂದೇ: ಬಿದ್ದದ್ದು ನಮಗೆ, ತೂಗುವುದು ಅವಕ್ಕೆ.

ಚೌತಿಯ ಹಿಂದಿನ ದಿನ ಅಟ್ಟದ ಪಾತ್ರೆಗಳೆಲ್ಲ ಬಾವಿಕಟ್ಟೆಗೆ ಇಳಿದಿದ್ದವು. ಬಿದ್ದ ಗೂಡು ಒಂದೂ ಇರಲಿಲ್ಲ. ಎಂಟು ವರ್ಷದ ನನಗೆ ಜಾಣೆ ಅನ್ನಿಸಿಕೊಳ್ಳುವ ಆಸೆ. ಬೆಳಿಗ್ಗೆಯಿಂದ ಹಕ್ಕಿ ಹೊಕ್ಕದ್ದು ಕಾಣದ ಗೂಡುಗಳು ಖಾಲಿ ಎಂದು ನಾನೇ ತೀರ್ಮಾನಿಸಿ, ಕಾಯಿ ಕೀಳುವ ಕೊಕ್ಕೆಯ ದೋಟಿ ಹಾಕಿ ತೆಂಗಿನ ಒಂದೇ ಮಡಲಿನಿಂದ ತೂಗುತ್ತಿದ್ದ ನಾಲ್ಕನ್ನು ಎಳೆದೆ. ಕಲ್ಲಿನ ಮೇಲೆ ಬಿಳಿ ಮೊಟ್ಟೆಗಳು ಒಡೆದವು. ಕಣ್ಣು ಬಿಡದ ಮರಿಯೊಂದು ಎರಡು ಸಲ ಬಾಯಿ ತೆರೆಯಿತು. ದೊಡ್ಡಮ್ಮ ಓಡಿ ಬಂದು, "ಎಂತ ಮಾಡಿದೆ ಮಗಾ, ಒಳಗೆ ಮಕ್ಕಳು ಉಂಟಲ್ಲ!" ಎಂದು ಅಲ್ಲೇ ಕುಸಿದು ಕೂತರು. ಮತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಹಬ್ಬಕ್ಕೆ ಪಾತ್ರೆಗಳನ್ನು ತೆಂಗಿನ ನಾರಿನಲ್ಲಿ ತಿಕ್ಕಿದೆವು.

ಮರುವರ್ಷ ಹಕ್ಕಿಗಳು ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಗದ್ದೆಗೆಲ್ಲ ಕೆಂಪು ಮಣ್ಣು ಸುರಿದು ಮನೆ ಕಟ್ಟಿದ್ದಾರಲ್ಲ, ಭತ್ತವಿಲ್ಲದೆ ಅವು ಎಂತ ನೇಯುವುದು, ಎಂದು ನೆರೆಯವರು ಹೇಳುತ್ತಿದ್ದರು. ಇರಬಹುದು. ಆದರೆ ದೋಟಿ ಹಿಡಿದ ಕೈ ನನ್ನದು. ದೊಡ್ಡಮ್ಮ ಮಾತ್ರ ಪ್ರತಿ ಮಳೆಗಾಲ ಬಾವಿಕಟ್ಟೆಯಲ್ಲಿ ನಿಂತು ಆ ಮರವನ್ನು ನೋಡುತ್ತಿದ್ದರು.

ಕಳೆದ ಆಷಾಢದಲ್ಲಿ ಅವರು ಹಾಸಿಗೆ ಹಿಡಿದರು. ಕಣ್ಣು ಕಾಣುತ್ತಿರಲಿಲ್ಲ. ಒಂದು ರಾತ್ರಿ "ಬಂದಿದ್ದಾವಾ ಮಗಾ?" ಎಂದು ಕೇಳಿದರು. "ಬಂದಿವೆ ದೊಡ್ಡಮ್ಮ, ಮಡಲು ತುಂಬ ಗೂಡು ಉಂಟು" ಎಂದೆ. ಅವರು ಬಹಳ ಹೊತ್ತು ಕಿವಿಗೊಟ್ಟು ಮಲಗಿದ್ದರು. ಹೊರಗೆ ಮಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ನನ್ನ ಕೈಯನ್ನು ತಡಕಿ ಹಿಡಿದುಕೊಂಡು, "ಇರ್ಲಿ ಬಿಡು, ನೀನು ಆಗ ಸಣ್ಣವಳು" ಎಂದರು. ಬೆಳಗಾಗುವಾಗ ಅವರಿರಲಿಲ್ಲ. ನಾನು ಅವರಿಗೆ ಆಡಿದ ಕೊನೆಯ ಮಾತು ಆ ಸುಳ್ಳೇ ಆಯಿತು.