ಯೋಗೀಶನ ಹೊಸ ಭಾಷೆಗಳೂ ಚಿಕ್ಕಪ್ಪನ ಬೆರಳುಗಳೂ

ಈಚೆಗೆ ನಾನು ಮಿಕ್ಸಿ ಹಾಕುವ ಮುನ್ನವೂ ಮನೆಯವರಿಗೆಲ್ಲ ಕೇಳುವಂತೆ ಕೂಗುತ್ತೇನೆ. ಹೆಂಡತಿ ನಗುತ್ತಾಳೆ. ನಗಲಿ, ದಂಡಿನಶಿವರದ ತೋಟದಲ್ಲಿ ನಾನು ನೋಡಿದ್ದನ್ನು ಅವಳು ನೋಡಿಲ್ಲ.

ಚಿಕ್ಕಪ್ಪನ ಮಗ ಯೋಗೀಶನಿಗೆ ತಿಪಟೂರಿನಲ್ಲಿ ಔಷಧಿ ಅಂಗಡಿಯಿದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಾನೆ. ಕೆಲವರಿಗೆ ಇಸ್ಪೀಟು, ಇವನಿಗೆ ಇದು. ಪೈಥಾನ್ ಆಯಿತು, ಗೋ ಆಯಿತು, ಈಗ ರಸ್ಟ್. ಕಲಿಕೆಯ ಮೇಲೆ ನನ್ನ ತಕರಾರಿಲ್ಲ. ನಾನೂ ಬಿ.ಎಸ್ಸಿ.ಯಲ್ಲಿ ಅಂಥದೊಂದು ಭಾಷೆ ಕಲಿತು, ಪರೀಕ್ಷೆ ಮುಗಿದ ಸಂಜೆಯೇ ಮರೆತವನು. ಅದರಿಂದ ಯಾರ ಬೆರಳಿಗೂ ಅಪಾಯವಾಗಲಿಲ್ಲ. ಆದರೆ ಯೋಗೀಶನಿಗೆ ಕಲಿತ ಭಾಷೆಯಲ್ಲೆಲ್ಲ ಏನಾದರೂ ಬರೆಯಲೇಬೇಕು. ಬರೆಯಲು ಸಿಕ್ಕಿದ್ದು ಅವರಪ್ಪನ ಮೋಟಾರು. ಅಂಗಡಿಯಲ್ಲಿ ಕೂತು ಫೋನು ಒತ್ತಿದರೆ ತೋಟದಲ್ಲಿ ನೀರು. ಹೊಸ ಭಾಷೆ ಬಂದಾಗಲೆಲ್ಲ ಹಳೆಯದನ್ನು ಅಳಿಸಿ ಮತ್ತೆ ಬರೆಯುತ್ತಾನೆ. ತೆಂಗಿನ ಮರಗಳಿಗೆ ಮಾತ್ರ ಯಾವ ಭಾಷೆಯ ನೀರಾದರೂ ಒಂದೇ.

ನಮ್ಮ ಕಡೆ ಸ್ಟಾರ್ಟರ್ ಒತ್ತುವವನು ಮೊದಲು ತೋಟದತ್ತ ತಿರುಗಿ, "ಮೋಟ್ರು ಹಾಕ್ತೀನೀ!" ಎಂದು ಕೂಗುತ್ತಾನೆ. ಒಳಗಿನಿಂದ "ಹೂಂ, ಹಾಕೋ" ಎಂದು ಉತ್ತರ ಬಂದ ಮೇಲೆಯೇ ಒತ್ತುವುದು. ತಿಪಟೂರಿನ ಅಂಗಡಿಯಿಂದ ಕೂಗಿದರೆ ಯಾರಿಗೆ ಕೇಳಬೇಕು?

ಅವತ್ತು ಮೋಟಾರಿನ ಶಾಫ್ಟಿಗೆ ತೆಂಗಿನ ನಾರು ಸುತ್ತಿಕೊಂಡಿತ್ತು. ಚಿಕ್ಕಪ್ಪ ಕುಕ್ಕರುಗಾಲಲ್ಲಿ ಕೂತು ಬಿಡಿಸುತ್ತಿದ್ದರು. ಬೆವರು ಒರೆಸಿಕೊಳ್ಳಲು ಕೈ ಎತ್ತಿದರು, ಮೋಟಾರು ಗುರ್ರೆಂದಿತು. ಹೆಗಲ ಮೇಲಿನ ಟವೆಲು ಸರ್ರನೆ ಒಳಗೆ ಹೋಯಿತು, ಅವರು ಹಿಂದಕ್ಕೆ ಬಿದ್ದರು. ಆ ಬೆವರು ಒಂದು ಗಳಿಗೆ ತಡವಾಗಿ ಇಳಿದಿದ್ದರೆ? ಊಟಕ್ಕೆ ಕೂತಾಗ ಈಗಲೂ ಆ ಕೈ ಕಣ್ಣ ಮುಂದೆ ಬರುತ್ತದೆ. ಕೆಲವೊಮ್ಮೆ ಬೆರಳಿಲ್ಲದೆ ಬರುತ್ತದೆ.

ಓಡಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿ ನಿಲ್ಲಿಸಿ, ಫೋನು ಮಾಡಿದೆ.

"ಲೇ ಯೋಗೀಶ, ಮೋಟ್ರು ಹಾಕಿದ್ಯೇನ್ಲಾ?"

"ಓಡ್ತಾ ಅಣ್ಣ? ರಸ್ಟಲ್ಲಿ ಮೊದಲ್ನೇ ಸಲಕ್ಕೇ ಓಡ್ತು ನೋಡು!"

"ನಿಮ್ಮಪ್ಪನ ಕೈ ಹೋಗ್ತಿತ್ತಲ್ಲೋ!"

ಸಂಜೆ ಓಡೋಡಿ ಬಂದ. ಅಪ್ಪನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಕಣ್ಣಲ್ಲಿ ನೀರಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ಭಾಷೆ ಐತೆ ಕಣಣ್ಣ, ಅದ್ರಲ್ಲಿ ಬರುದ್ರೆ ಹಿಂಗಾಗಕಿಲ್ಲ" ಎಂದ!

ಪ್ರತಿ ಹೊಸ ಭಾಷೆಯ ಮೊದಲ ಪಾಠ, ಕಂಪ್ಯೂಟರಿನಿಂದ ಲೋಕಕ್ಕೆ ನಮಸ್ಕಾರ ಹೇಳಿಸುವುದಂತೆ. ಇವನು ಎಷ್ಟು ಭಾಷೆಗಳಲ್ಲಿ ನಮಸ್ಕಾರ ಹೇಳಿದರೂ ಲೋಕ ಒಮ್ಮೆಯೂ ತಿರುಗಿ ಮಾತಾಡಿಲ್ಲ. ಮಾತಾಡುವ ಅಪ್ಪ ತೋಟದಲ್ಲಿದ್ದರು. ಅವರನ್ನೊಂದು ಮಾತು ಕೇಳಲಿಲ್ಲ.

ಚಿಕ್ಕಪ್ಪ ಬೈಯಲಿಲ್ಲ. ಈಗ ಮೋಟಾರಿಗೆ ಕೈ ಹಾಕುವ ಮುನ್ನ ಫ್ಯೂಸುಗಳನ್ನೆಲ್ಲ ಕಿತ್ತು ಅಂಗಿ ಜೇಬಿಗಿಳಿಸುತ್ತಾರೆ. ಮೊನ್ನೆ ಭಾನುವಾರ ಅವರ ಪಕ್ಕದಲ್ಲಿದ್ದಾಗಲೇ ನನಗೆ ಯೋಗೀಶನ ಫೋನು ಬಂತು, ಸ್ಪೀಕರಿಗೆ ಹಾಕಿದೆ.

"ಅಣ್ಣ, ಮೋಟ್ರು ಯಾಕೋ ಮಾತೇ ಕೇಳ್ತಿಲ್ಲ. ಬೆಳಗ್ಗಿಂದ ಹುಡುಕ್ತಾ ಇವ್ನಿ, ನಾನು ಬರ್ದಿದ್ರಲ್ಲಿ ತಪ್ಪೆಲ್ಲೈತೋ ಗೊತ್ತಾಗ್ತಿಲ್ಲ."

ಇಷ್ಟಾದ ಮೇಲೂ ಕೇಳದೆ ಒತ್ತಿದ್ದಾನೆ! ನನಗೆ ಮೈಯೆಲ್ಲ ಉರಿಯಿತು. ಚಿಕ್ಕಪ್ಪನ ಮುಖ ನೋಡಿದೆ. ಅವರು ನಾರು ಬಿಡಿಸುತ್ತಲೇ ಜೇಬು ತಟ್ಟಿಕೊಂಡರು.

"ಹುಡುಕ್ಲಿ ಬುಡು. ಅಲ್ಲೀಗಂಟ ನನ್ ಕೆಲ್ಸ ಮುಗೀತೈತೆ."