ಈರಯ್ಯನ ಬಾಗಿಲ ಸ್ಪೀಕರು

ಮಾನ್ವಿಯ ನಮ್ಮ ಓಣಿಯಲ್ಲಿ ಈರಯ್ಯನ ಹಳೆಯ ಅಂಬಾಸಿಡರ್ ಕಾರಿನ ಬಾಗಿಲುಗಳು ಸದಾ ಬಿಚ್ಚಿಯೇ ಇರುತ್ತವೆ. ಹಲ್ಲಿನಿಂದ ವೈರು ಸುಲಿದು, ರಾಯಚೂರಿನಿಂದ ತಂದ ಹೊಸ ಸ್ಪೀಕರು ಕೂಡಿಸಿ, ಬಾಗಿಲಿಗೆ ಕಿವಿ ಹಚ್ಚಿ, "ಬರೇ ಢಂ ಢಂ ಅಂತದ್ರಿ, ನೀರಿನ ಸಪ್ಪಳ ಬರವಲ್ದು" ಎಂದು ಮತ್ತೆ ಬಿಚ್ಚುತ್ತಾನೆ. ನಿನ್ನೆ ನಾನು ನಗುತ್ತ, ಒಂದು ಸುತ್ತು ಹೊಡೆಸು ಎಂದೆ. ಬಾನೆಟ್ ಎತ್ತಿ ತೋರಿಸಿದ. ಒಳಗೆ ಎಂಜಿನ್ನೇ ಇರಲಿಲ್ಲ. ಅಷ್ಟರಲ್ಲಿ ಮರೆವು ಹತ್ತಿದ ಅವನ ತಾಯಿ ಬುತ್ತಿಗಂಟು ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಅವಳ ತವರು ಕವಿತಾಳ; ಅಲ್ಲೀಗ ಅವಳ ಮನೆಯಿಲ್ಲ. ಆ ದಾರಿಯ ಸದ್ದನ್ನೆಲ್ಲ ಈರಯ್ಯ ಮೊಬೈಲಿನಲ್ಲಿ ತುಂಬಿಕೊಂಡು ಬಂದಿದ್ದ. ಸ್ಟೇರಿಂಗಿನ ಮುಂದೆ ಕೂತು ಅದನ್ನು ಹಚ್ಚಿದ. ಬಾಗಿಲುಗಳಿಂದ ಬಸ್ಸಿನ ಹಾರ್ನು, ಸಂತೆಯ ಗದ್ದಲ, ಕಡೆಗೆ ಕಾಲುವೆಯ ನೀರು ಕೇಳಿಸಿತು. "ಡ್ರೈವರಪ್ಪಾ, ನಮ್ಮೂರು ಬಂತು, ನಿಂದ್ರಸು" ಎಂದಳು. ಈರಯ್ಯ ಮೆಲ್ಲಗೆ ಬ್ರೇಕು ತುಳಿದ.