ಕಿಟಕಿಗೆ ಹೋದ ಕರಿ ಕಂಬಳಿ

ಕರಿ ಕಂಬಳಿಯ ಮೇಲೆ ಒಂದೇ ಒಂದು ಬಿಳಿ ಕೂದಲು ಅಂಟಿಕೊಂಡಿದ್ದರೆ, ಅದನ್ನು ನೋಡಿಯೂ ಹೇಳದೆ ಹೋಗುವ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ಹುಲಿಕುಂಟೆಯಿಂದ ಶಿರಾ ಪೇಟೆಗೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಕಂಡಕ್ಟರು ಹೇಳುತ್ತಾನೆ, ಪಕ್ಕದಲ್ಲಿ ಕೂತವರು ಹೇಳುತ್ತಾರೆ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಕೈಚಾಚಿ ಕಿತ್ತೇ ಬಿಡುತ್ತಾಳೆ. ಅದೇ ಕಂಬಳಿಯ ನೇಯ್ಗೆ ಎಷ್ಟು ಹದವಾಗಿದೆ, ಅಂಚು ಎಷ್ಟು ನೇರವಾಗಿದೆ ಎಂದು ಒಬ್ಬರಾದರೂ ಹೇಳಿದ್ದರೆ, ನೇಯ್ದವನು ನಾನೇ ಆದ್ದರಿಂದ, ನನ್ನ ಆಯುಷ್ಯ ಇನ್ನಷ್ಟು ವೃದ್ಧಿಯಾಗುತ್ತಿತ್ತು. ಇರಲಿ. ಕಪ್ಪಿನ ಗುಣವೇ ಅಂಥದ್ದು. ತಾನು ಹಿಂದೆ ಸರಿದು, ತನ್ನ ಮೇಲೆ ಕೂತದ್ದನ್ನು ಮುಂದೆ ತಳ್ಳುತ್ತದೆ.

ಮೂರನೇ ಕ್ಲಾಸಿನಲ್ಲೇ ಸರಸ್ವತಿಯ ಅಪ್ಪಣೆ ಪಡೆದು ಮಗ್ಗದ ಗುಂಡಿಗೆ ಇಳಿದ ನಾನು ಇಂಥ ತತ್ವ ಬರೆಯಲು ಕೂತಿರುವುದಕ್ಕೆ ಕಾರಣ ನನ್ನ ಮೊಮ್ಮಗಳು ಮಂಜುಳಾ. ಎಂಬತ್ತರ ದಶಕ ಮುಗಿಯುತ್ತಾ ಬಂದ ಈ ಹೊತ್ತಿಗೆ ನಮ್ಮ ಶಿರಾ ಪೇಟೆಗೂ ಕಂಪ್ಯೂಟರ್ ಕ್ಲಾಸು ಬಂದಿದೆ. ಬಟ್ಟೆ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ, ಅದರಲ್ಲಿ ಒಂದು ಯಂತ್ರ, ಅದಕ್ಕೊಬ್ಬರು ಬಷೀರ್ ಮೇಷ್ಟ್ರು. ಪಿಯುಸಿ ಮುಗಿಸಿದ ನಮ್ಮ ಹುಡುಗಿ ಅಲ್ಲಿಗೆ ಹೋಗಿ, ಯಂತ್ರ ಮಾಡಬೇಕಾದ ಕೆಲಸವನ್ನು ಅದಕ್ಕೆ ಸಾಲುಸಾಲಾಗಿ ಬರೆದು ತಿಳಿಸುವ ವಿದ್ಯೆಯನ್ನು ಕಲಿಯುತ್ತಾಳೆ. ಬರೆಯುವ ಆ ಜಾಗಕ್ಕೆ ಎಡಿಟರ್ ಎಂದು ಹೆಸರಂತೆ. ಜೀವಮಾನವೆಲ್ಲ ಕುರಿಗೂ ಹೆಂಡತಿಗೂ ಕೆಲಸ ಹೇಳಿ, ಇಬ್ಬರಿಂದಲೂ ಮಾಡಿಸಲಾರದೆ ಹೋದ ನನಗೆ ಈ ವಿದ್ಯೆಯ ಮಹತ್ವ ಬೇರೆಯವರಿಗಿಂತ ಬೇಗ ಅರ್ಥವಾಯಿತು.

ಆದರೆ ಹುಡುಗಿ ಕ್ಲಾಸಿನಿಂದ ಬಂದವಳೇ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗತೊಡಗಿದಳು. ಪರದೆಯ ತುಂಬ ಸುಣ್ಣ ಬಳಿದಂಥ ಬಿಳುಪು, ಅದರ ಮೇಲೆ ಇರುವೆ ಹರಿದಂತೆ ಕಪ್ಪಕ್ಷರ. ನೋಡಿ ನೋಡಿ ಕಣ್ಣಲ್ಲಿ ನೀರು, ತಲೆಯಲ್ಲಿ ಸುತ್ತಿಗೆ. ಕಣ್ಣು ನೋಡಿದ ಡಾಕ್ಟರು ದೋಷವೇನೂ ಇಲ್ಲ ಎಂದರು. ಅವಳ ಅಪ್ಪ, ಅಂದರೆ ನನ್ನ ಮಗ, ಕೆಟ್ಟವನಲ್ಲ, ಮಗಳೆಂದರೆ ಜೀವ. ಅದಕ್ಕೇ ಹೆದರಿದ. ಊಟಕ್ಕೆ ಕೂತಾಗ, "ಈ ವಾರ ನೋಡ್ತೀನಿ. ಆಮೇಲೂ ತಲೆನೋವು ಅಂದ್ರೆ ಕ್ಲಾಸು ಬುಟ್ಬುಡು ಕಣಮ್ಮ. ಕಣ್ಣಿದ್ರೆ ತಾನೆ ವಿದ್ಯೆ" ಎಂದ. ತಲೆನೋವಿಗೆ ಅಳದಿದ್ದ ಹುಡುಗಿ ಆ ಮಾತಿಗೆ ಅತ್ತಳು.

ಮಾರನೆಯ ದಿನ ಅವಳೇ ಒಂದು ಉಪಾಯ ತಂದಳು. ಎಡಿಟರಿನ ಬಣ್ಣಗಳನ್ನು ನಮಗೆ ಬೇಕಾದಂತೆ ಬದಲಾಯಿಸಬಹುದಂತೆ. ಹಿಂದಿನ ಬಿಳುಪನ್ನು ಕಪ್ಪು ಮಾಡಿ, ಅಕ್ಷರಗಳನ್ನು ತಿಳಿ ಮಾಡಿದರೆ ಕಣ್ಣಿಗೆ ತಂಪಂತೆ. ಮೇಷ್ಟ್ರೂ ಆಗಲಿ ಎಂದಿದ್ದರು. ಕಪ್ಪು ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ನಾನು ಮನೆಯಲ್ಲಿ ಕೂರುವುದುಂಟೇ? ಹೊರಟೆ. ಕಂಬಳಿ ಬಿಟ್ಟು ಬಾ ತಾತ ಎಂದು ಹುಡುಗಿ ಬೇಡಿಕೊಂಡಳು. ಬೇಕಾದರೆ ಅಂಗಿ ಬಿಟ್ಟು ಬರುತ್ತೇನೆ ಎಂದೆ. ಆಮೇಲೆ ಆ ಮಾತು ಎತ್ತಲಿಲ್ಲ.

ಓದುಗ ಮಹಾಶಯರೇ, ಆ ಮಧ್ಯಾಹ್ನದ ಸಡಗರವನ್ನು ಹೇಗೆ ಬಣ್ಣಿಸಲಿ! ಬಷೀರ್ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು, ಮಂಜುಳಾ ಏನೋ ಒತ್ತಿದಳು, ಬಿಳುಪೆಲ್ಲ ಮಾಯವಾಗಿ ನಮ್ಮ ಕುರಿಯ ಉಣ್ಣೆಯಂಥ ಅಪ್ಪಟ ಕಪ್ಪು ಬಂದು ಕೂತಿತು. ಮೊದಲು ತನಗಿಷ್ಟವೆಂದು ಅಕ್ಷರಕ್ಕೆ ಕಡುನೀಲಿ ಕೊಟ್ಟಳು. ಅಕ್ಷರಗಳು ಬಾವಿಗೆ ಬಿದ್ದ ಬಿಂದಿಗೆಯಂತೆ ಮುಳುಗಿಹೋದವು. ನಗುತ್ತಾ ತೆಗೆದು ತಿಳಿಬೂದಿ ಕೊಟ್ಟಳು, ತೇಲಿ ಬಂದವು. ಗುರುತು ಮಾಡಿಕೊಂಡ ಭಾಗಕ್ಕೆ ಅರಿಶಿನ, ತಪ್ಪು ಹಿಡಿದ ಸಾಲಿಗೆ ಕುಂಕುಮ, ಮೇಲಿನ ಪಟ್ಟಿಗೆ ಎಳೆಹಸಿರು. ನನಗೆ ಮೈಯೆಲ್ಲ ಪುಳಕ. ಇದು ಯಂತ್ರವಲ್ಲ, ಕಂಬಳಿಯೇ ಸೈ, ಅಂಚು ಸಮೇತ!

ಅಲ್ಲೇ ನನ್ನ ಕಸುಬಿನ ಬುದ್ಧಿ ಕೈಕೊಟ್ಟಿತು. ನಾವು ಮಗ್ಗದಿಂದ ಇಳಿಸಿದ ಕಂಬಳಿಯನ್ನು ಬಿಸಿಲಿಗೆ ಹಿಡಿದು ನೋಡದೆ ಯಾರ ಕೈಗೂ ಕೊಡುವುದಿಲ್ಲ; ಎಲ್ಲಿ ಬೆಳಕು ಇಣುಕುತ್ತದೋ ಅಲ್ಲಿ ನೂಲು ಸಡಿಲ. "ತಡಿಯವ್ವ, ಒಂದ್ಸಲ ಬಿಸ್ಲಿಗೆ ನೋಡ್ಬುಡಾನ" ಎಂದು ಎದ್ದವನೇ ಪಡುವಣ ಕಿಟಕಿಯ ತೆಳು ಬಟ್ಟೆಯನ್ನು ಸರ್ರನೆ ಸರಿಸಿದೆ.

ಬಿಸಿಲು ಪರದೆಗೆ ಬಡಿಯಿತು. ಅರಿಶಿನವಿಲ್ಲ, ಕುಂಕುಮವಿಲ್ಲ, ಒಂದಕ್ಷರವೂ ಇಲ್ಲ. ಆ ಕರಿಗಾಜಿನಲ್ಲಿ ಕಂಡದ್ದು ನನ್ನದೇ ಮೀಸೆ.

"ಏನ್ ಮಾಡ್ಬುಟ್ಟೆ ತಾತ" ಎಂದಳು ಹುಡುಗಿ.

ಮೊಮ್ಮಗಳ ವಿದ್ಯೆಯನ್ನು ಕೈಯಾರೆ ಸುಟ್ಟೆನೆಂದೇ ಬಗೆದೆ. ಬಿಸಿಲಲ್ಲಿ ಕುರಿಮರಿ ಬಿದ್ದಿದ್ದರೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ: ಹೆಗಲಿನ ಕಂಬಳಿಯನ್ನು ಕಿತ್ತು ಕಿಟಕಿಯ ಸರಳುಗಳ ಮೇಲೆ ಎಸೆದೆ. ಕೋಣೆ ತಣ್ಣಗಾಯಿತು. ತಿರುಗಿ ನೋಡುತ್ತೇನೆ, ಅಕ್ಷರಗಳೆಲ್ಲ ಬೆಟ್ಟದ ಮೇಲಿನ ಚುಕ್ಕಿಗಳ ಹಾಗೆ ಇದ್ದಲ್ಲೇ ಇವೆ, ಮೊದಲಿಗಿಂತ ನಿಚ್ಚಳವಾಗಿ. ಆ ತೆಳು ಬಟ್ಟೆ ಇಷ್ಟು ದಿನವೂ ಅರ್ಧ ಬಿಸಿಲನ್ನು ಒಳಗೆ ಬಿಡುತ್ತಲೇ ಇತ್ತೆಂಬುದು ಆಗ ಮೂವರಿಗೂ ಹೊಳೆಯಿತು. ಬಷೀರ್ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಜಮಾನ್ರೆ, ನೀವು ಬೇಕಾದ್ರೆ ಹೋಗ್ರಿ, ಈ ಕಂಬ್ಳಿ ಪರದಾ ಮಾತ್ರ ಕಿಟಕಿಗೆ ಇಲ್ಲೇ ಇರ್ಲಿ" ಎಂದರು.

ವಾರ ಮುಗಿದ ದಿನ ಮಗ ಊಟದ ನಡುವೆ ಕೈ ತಡೆದು ಕೇಳಿದ, "ನೋವೈತೇನಮ್ಮ?" ಹುಡುಗಿ ಎರಡನೇ ಮುದ್ದೆ ಮುರಿಯುತ್ತಾ, "ಐತೆ ಕಣಪ್ಪ, ಹೊಟ್ಟೆ. ಜಾಸ್ತಿ ತಿಂದ್ಬುಟ್ಟೆ" ಎಂದಳು. ಮಗ ತಲೆ ತಗ್ಗಿಸಿ ಸಾರು ಬಡಿಸಿಕೊಂಡ. ಕ್ಲಾಸಿನ ಮಾತು ಅಲ್ಲಿಗೆ ತೀರಿತು. ನಾನು ಆ ಸಂತೋಷಕ್ಕೆ ಮಜ್ಜಿಗೆಯನ್ನು ಪಂಚೆಯ ಮೇಲೆ ಸುರಿದುಕೊಂಡೆ.

ಈಗ ನಾನು ಪೇಟೆಗೆ ಹೋಗುವುದು ಬರಿಯ ಬಿಳಿ ಅಂಗಿಯಲ್ಲಿ. ಕಂಬಳಿ ಎಲ್ಲಿ ಎಂದು ಕಂಡಕ್ಟರು ಕೇಳಿದರೆ ಸಾಕು, ಅವನು ಇನ್ನೊಬ್ಬರಿಗೆ ಟಿಕೆಟ್ ಕೊಡದಂತೆ ಕಥೆ ಹೇಳುತ್ತೇನೆ. ಮೊನ್ನೆ ಕ್ಲಾಸಿನಲ್ಲಿ ಕಂಬಳಿಯನ್ನು ಒದರಿ ಮತ್ತೆ ಕಟ್ಟಿ ಬಂದೆ. ಬಸ್ಸಿನಲ್ಲಿ ಮಂಜುಳಾ ನನ್ನ ಹೆಗಲು ನೋಡಿ, "ತಾತ, ಒಂದು ಕರಿ ಕೂದ್ಲು" ಎಂದು ಬೆರಳು ಚಾಚಿದಳು.

"ಇರ್ಲಿ ಬುಡವ್ವ" ಎಂದೆ. ಊರು ಬರುವವರೆಗೂ ಹೆಗಲು ಅಲುಗಿಸಲಿಲ್ಲ.